ಕಾಲುಚೀಲದಿಂದ ಬಾಂಬಿನವರೆಗೆ: ಆರ್ಡ್‌ನೆನ್ಸ್ ಅನ್ನೋ ಪದ

2021ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಒಂದು ಆರ್ಡಿನೆನ್ಸ್ ತಂದಿತು. ಯಾಕಪ್ಪಾ ಅಂದ್ರೆ, ಆರ್ಡ್‌ನೆನ್ಸ್ ಕಾರ್ಖಾನೆಗಳ ಕಾರ್ಮಿಕರು ಮುಷ್ಕರಕ್ಕೆ ಹೊರಟಿದ್ದರು, ಅದನ್ನು ತಡೆಯಬೇಕಿತ್ತು. ಇಂಗ್ಲಿಷ್‌ನಲ್ಲಿ ಬರೆದರೆ ಈ ಎರಡು ಪದಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು 'ಐ' ಅಕ್ಷರ. ಒಂದು ಸುಗ್ರೀವಾಜ್ಞೆ, ಇನ್ನೊಂದು ಸೇನೆಯ ಸಾಮಾನು. ಇಂಗ್ಲಿಷಿನವರೇ ಇದನ್ನು ತಪ್ಪು ತಪ್ಪಾಗಿ ಬರೆಯುತ್ತಾರೆ, ಇನ್ನು ರಾತ್ರಿ ಹನ್ನೊಂದಕ್ಕೆ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರುವ ಡೆಸ್ಕಿನವರ ಪಾಡು ಕೇಳಲೇಬೇಡಿ. 'ಸುಗ್ರೀವಾಜ್ಞೆ ಕಾರ್ಖಾನೆ' ಅಂತ ಎಲ್ಲಾದರೂ ಅಚ್ಚಾದರೆ ನನಗಂತೂ ಆಶ್ಚರ್ಯ ಆಗುವುದಿಲ್ಲ. ಒಂದು ಲೆಕ್ಕದಲ್ಲಿ ನಮ್ಮ ಸರ್ಕಾರಗಳು ಅಂಥ ಕಾರ್ಖಾನೆಗಳೇ, ಆ ಮಾತು ಬಿಡಿ.

ಈ ಆರ್ಡ್‌ನೆನ್ಸ್ ಅನ್ನೋದು ಕನ್ನಡದವರಿಗೆ ಅಷ್ಟಾಗಿ ಪರಿಚಯ ಇಲ್ಲದ ಪದ. ಅದಕ್ಕೊಂದು ಕಾರಣ ಇದೆ. 2021ರವರೆಗೆ ದೇಶದಲ್ಲಿ ಒಟ್ಟು 41 ಆರ್ಡ್‌ನೆನ್ಸ್ ಕಾರ್ಖಾನೆಗಳು ಇದ್ದವು. ಮಹಾರಾಷ್ಟ್ರದಲ್ಲಿ 10, ಉತ್ತರ ಪ್ರದೇಶದಲ್ಲಿ 9, ಮಧ್ಯಪ್ರದೇಶ ಮತ್ತು ತಮಿಳುನಾಡಿನಲ್ಲಿ ಆರಾರು, ಬಂಗಾಳದಲ್ಲಿ ನಾಲ್ಕು, ಮಿಕ್ಕವು ಅಲ್ಲೊಂದು ಇಲ್ಲೊಂದು. ಕರ್ನಾಟಕದಲ್ಲಿ ಎಷ್ಟು? ಸೊನ್ನೆ. ನಮಗೆ ಎಚ್‌ಎಎಲ್ ಬಂತು, ಬಿಇಎಲ್ ಬಂತು, ಬಿಇಎಂಎಲ್ ಬಂತು. ವಿಮಾನ, ರೇಡಾರು, ದೊಡ್ಡ ದೊಡ್ಡ ಟ್ರಕ್ಕು ಎಲ್ಲ ಇಲ್ಲೇ ಆಗುತ್ತವೆ, ಆದರೆ ಅವು ಯಾವುವೂ ಆರ್ಡ್‌ನೆನ್ಸ್ ಕಾರ್ಖಾನೆ ಅಲ್ಲ. ಹಾಗಾಗಿ ಜಬಲ್ಪುರದಲ್ಲೋ ಕಾನ್ಪುರದಲ್ಲೋ 'ಅಪ್ಪ ಆರ್ಡ್‌ನೆನ್ಸ್‌ನಲ್ಲಿದ್ದಾರೆ' ಅಂತ ಮಕ್ಕಳು ಸಲೀಸಾಗಿ ಹೇಳುವ ಹಾಗೆ ಇಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ 'ಎಚ್‌ಎಎಲ್‌ನಲ್ಲಿದ್ದಾರೆ' ಅಂತಾರೆ. ಮೈಸೂರು ಕಡೆಯವರಿಗೆ ತೀರ ಹತ್ತಿರದ್ದು ಅಂದರೆ ನೀಲಗಿರಿಯ ಅರುವಂಕಾಡು. ಊಟಿಯ ಪುಟ್ಟ ರೈಲಿನಲ್ಲಿ ಹೋಗುವಾಗ ಕೂನೂರು ದಾಟಿದ ಮೇಲೆ ಆ ಸ್ಟೇಷನ್ ಸಿಗುತ್ತದೆ. ಅಲ್ಲಿರುವುದು ಕಾರ್ಡೈಟ್ ಫ್ಯಾಕ್ಟರಿ. ಕಾರ್ಡೈಟ್ ಅಂದರೆ ಗುಂಡನ್ನು ಮುಂದಕ್ಕೆ ತಳ್ಳುವ, ಹೊಗೆ ಕಡಿಮೆ ಇರುವ ಮದ್ದು. ಇಪ್ಪತ್ತನೇ ಶತಮಾನದ ಶುರುವಿನಿಂದ ಅದು ಅಲ್ಲೇ ಇದೆ. ರೈಲಿನ ಕಿಟಕಿಯಲ್ಲಿ ಎಲ್ಲರೂ ಟೀ ತೋಟದ ಫೋಟೋ ತೆಗೆಯುತ್ತಿರುತ್ತಾರೆ.

ಸರಿ, ಪದದ ಒಳಗೆ ಏನಿದೆ ನೋಡೋಣ. ಆರ್ಡ್‌ನೆನ್ಸ್ ಮತ್ತು ಆರ್ಡಿನೆನ್ಸ್ ಎರಡೂ ಒಂದೇ ತಾಯಿಯ ಮಕ್ಕಳು. ಹಳೆಯ ಫ್ರೆಂಚಿನ ಒಂದು ಪದ, ಅರ್ಥ ಏರ್ಪಾಡು, ವ್ಯವಸ್ಥೆ, ಕಟ್ಟಳೆ. ಕಾಗದದ ಮೇಲಿನ ಕಟ್ಟಳೆ 'ಐ' ಉಳಿಸಿಕೊಂಡಿತು. ಯುದ್ಧಕ್ಕೆ ಮಾಡಿಕೊಳ್ಳುವ ಏರ್ಪಾಡು, ಅಂದರೆ ತೋಪು, ಮದ್ದು, ಗಾಡಿ, ಹಗ್ಗ, ಗುದ್ದಲಿ ಎಲ್ಲ ಜೋಡಿಸಿಡುವ ಕೆಲಸ, ಬಾಯಲ್ಲಿ ಬಾಯಲ್ಲಿ ಓಡಾಡಿ 'ಐ' ಕಳೆದುಕೊಂಡಿತು. ಅಂದರೆ ಈ ಪದ ಹುಟ್ಟಿದಾಗ ಅದರಲ್ಲಿ ಬಂದೂಕೇ ಇರಲಿಲ್ಲ. ಇದ್ದದ್ದು ಉಗ್ರಾಣದವನು. ನನಗೆ ಈ ಪದದಲ್ಲಿ ಇಷ್ಟವಾದದ್ದೂ ಅನುಮಾನ ಹುಟ್ಟಿಸಿದ್ದೂ ಇದೇ. ಎಷ್ಟು ಸಪ್ಪೆಯಾದ, ಎಷ್ಟು ಕಚೇರಿ ವಾಸನೆಯ ಪದ ಅಂದರೆ ಅದರ ಕೆಳಗೆ ಏನು ಬೇಕಾದರೂ ಇಟ್ಟು ಮುಚ್ಚಬಹುದು.

ಇಂಗ್ಲೆಂಡಿನಲ್ಲಿ ಬೋರ್ಡ್ ಆಫ್ ಆರ್ಡ್‌ನೆನ್ಸ್ ಅಂತ ಒಂದು ಇಲಾಖೆ ಇತ್ತು. ಲಂಡನ್ನಿನ ಟವರ್‌ನಲ್ಲಿ ಅದರ ಕಾರುಬಾರು. ವಿಚಿತ್ರ ಏನಂದರೆ ಇದು ಸೇನೆಯ ಭಾಗವೇ ಅಲ್ಲ. ತೋಪಿನವರು, ಎಂಜಿನಿಯರುಗಳು ಎಲ್ಲ ಈ ಬೋರ್ಡಿನ ಕೈಕೆಳಗೆ, ಉಳಿದ ಕಾಲಾಳು ಕುದುರೆ ಎಲ್ಲ ಸೇನಾಧಿಪತಿಯ ಕೈಕೆಳಗೆ. ಇಬ್ಬರಿಗೂ ಅಷ್ಟಕ್ಕಷ್ಟೆ. ವಾಟರ್‌ಲೂ ಗೆದ್ದ ವೆಲ್ಲಿಂಗ್ಟನ್ ಕೂಡ 1819ರಿಂದ 1827ರವರೆಗೆ ಇದರ ಮಾಸ್ಟರ್ ಜನರಲ್ ಆಗಿದ್ದ, ಹೌದು, ಅದೇ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದವನು.

ಬೋರ್ಡ್ ತನ್ನ ಸಾಮಾನುಗಳ ಮೇಲೆಲ್ಲ ಒಂದು ಗುರುತು ಒತ್ತುತ್ತಿತ್ತು. ಮೇಲ್ಮುಖದ ಬಾಣ, ಮೂರೇ ಗೆರೆ. ಇದನ್ನು ನೀವು ನೋಡಿದ್ದೀರಿ! ಹಲಸೂರು, ಎಂ.ಜಿ. ರಸ್ತೆ ಕಡೆ ಓಡಾಡುವ ಮಿಲಿಟರಿ ಗಾಡಿಗಳ ನಂಬರ್ ಪ್ಲೇಟ್ ಮೇಲೆ ಮೊದಲಿಗೆ ಒಂದು ಬಾಣ ಇರುತ್ತದಲ್ವಾ, ಅದೇ. ಗಾಡಿ ಮಗುಚಿದಾಗ ನಂಬರ್ ಯಾವ ಕಡೆಯಿಂದ ಓದಬೇಕು ಅಂತ ಗೊತ್ತಾಗಲಿಕ್ಕೆ ಹಾಕಿದ್ದಾರೆ ಅಂತ ವಿವರಣೆ ಕೊಡುವವರೂ ಇದ್ದಾರೆ. ಮಗುಚಿದ ಗಾಡಿಯ ನಂಬರ್ ಓದಲು ಯಾರು ಅಷ್ಟು ಅವಸರದಲ್ಲಿರುತ್ತಾರೋ ಗೊತ್ತಿಲ್ಲ. ಬಾಣದ ಅರ್ಥ ಸುಮ್ನೆ ಇಷ್ಟೇ: ಇದು ಸರ್ಕಾರದ ಮಾಲು, ಮುಟ್ಟಬೇಡ.

ಇದೇ ಬೋರ್ಡ್ ಭೂಪಟ ಮಾಡುವುದಕ್ಕೂ ಇಳಿಯಿತು. 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಾಗ ಸೇನೆಗೆ ಸರಿಯಾದ ನಕ್ಷೆಯೇ ಇರಲಿಲ್ಲ. ಆಮೇಲೆ ಫ್ರೆಂಚರು ಸಮುದ್ರ ದಾಟಿ ಬಂದುಬಿಟ್ಟರೆ ಅನ್ನೋ ಹೆದರಿಕೆ. ತೋಪು ಎಳೆದುಕೊಂಡು ಹೋಗಬೇಕು ಅಂದರೆ ದಾರಿ, ಏರು, ಹಳ್ಳ ಎಲ್ಲ ಗೊತ್ತಿರಬೇಕಲ್ಲ. ಹಾಗಾಗಿ 1791ರಲ್ಲಿ ಆರ್ಡ್‌ನೆನ್ಸ್ ಸರ್ವೇ ಶುರುವಾಯಿತು, 1801ರಲ್ಲಿ ಕೆಂಟ್ ಪ್ರಾಂತ್ಯದ ಮೊದಲ ನಕ್ಷೆ ಬಂತು. ಈಗಲೂ ಆ ಸಂಸ್ಥೆ ಅದೇ ಹೆಸರಿನಲ್ಲಿದೆ. ಬ್ರಿಟನ್ನಿನಲ್ಲಿರುವ ನಮ್ಮವರನ್ನು ಕೇಳಿ ನೋಡಿ, ಅವರಿಗೆ ಆರ್ಡ್‌ನೆನ್ಸ್ ಅಂದರೆ ವಾರದ ಕೊನೆಗೆ ಗುಡ್ಡ ಹತ್ತುವಾಗ ಕೈಯಲ್ಲಿ ಹಿಡಿಯುವ ಮ್ಯಾಪು. ತೋಪಿನ ನೆನಪೂ ಬರುವುದಿಲ್ಲ.

ಬೋರ್ಡಿನ ಕಥೆ ಮುಗಿದದ್ದು ರಷ್ಯಾ ಮೇಲೆ ನಡೆದ ಕ್ರೈಮಿಯ ಯುದ್ಧದಲ್ಲಿ, ಅದು ಸ್ವಲ್ಪ ವಿವರವಾಗಿ ಹೇಳಬೇಕಾದ್ದೇ. 1854ರ ಚಳಿಗಾಲ. ಬ್ರಿಟಿಷ್ ಸೇನೆ ಸೆವಾಸ್ಟೊಪೋಲ್ ಮುಂದೆ ಮುತ್ತಿಗೆ ಹಾಕಿ ಕೂತಿದೆ. ತೋಪು ಮದ್ದು ಎಲ್ಲ ಬೋರ್ಡಿನ ಜವಾಬ್ದಾರಿ, ಊಟ ಸೌದೆ ಎಲ್ಲ ಕಮಿಸರಿಯಟ್ ಅನ್ನೋ ಇನ್ನೊಂದು ಇಲಾಖೆಯದ್ದು, ಅದು ಖಜಾನೆಗೆ ಸೇರಿದ್ದು, ಹಡಗು ಮತ್ತೊಬ್ಬರದ್ದು. ನವೆಂಬರ್ 14ಕ್ಕೆ ಬಿರುಗಾಳಿ ಬಂದು ಪ್ರಿನ್ಸ್ ಅನ್ನೋ ಹಡಗು ಮುಳುಗಿತು, ಅದರಲ್ಲಿ ಚಳಿಗಾಲದ ಬಟ್ಟೆಗಳ ರಾಶಿಯೇ ಇತ್ತು. ಸೈನಿಕರಿಗೆ ಕಾಫಿ ಮಾತ್ರ ಬಂತು. ಹೇಗೆ ಬಂತು ಅಂದರೆ ಹಸಿರು ಬೀಜದ ರೂಪದಲ್ಲಿ. ಹುರಿದಿಲ್ಲ, ಪುಡಿ ಮಾಡಿಲ್ಲ. ಹುರಿಯೋಣ ಅಂದರೆ ಸೌದೆ ಇಲ್ಲ, ಪುಡಿ ಮಾಡೋಣ ಅಂದರೆ ಯಂತ್ರ ಇಲ್ಲ. ಕೊಡಗು ಚಿಕ್ಕಮಗಳೂರಿನವರು ಇದನ್ನು ಓದಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಪತ್ರಿಕೆಗಳಲ್ಲಿ ಇದೆಲ್ಲ ಬಂದು ದೊಡ್ಡ ಗಲಾಟೆ ಆಯಿತು, ಸರ್ಕಾರವೇ ಬಿತ್ತು, 1855ರಲ್ಲಿ ಬೋರ್ಡ್ ಆಫ್ ಆರ್ಡ್‌ನೆನ್ಸ್ ಅನ್ನು ಮುಚ್ಚಿದರು. ಕಾಫಿಯ ತಪ್ಪು ಕಮಿಸರಿಯಟ್‌ನದ್ದು, ಬಾಗಿಲು ಮುಚ್ಚಿದ್ದು ಬೋರ್ಡಿನದ್ದು. ಕಚೇರಿಗಳ ಲೋಕದಲ್ಲಿ ಇದು ಹೊಸದೇನಲ್ಲ.

ಭಾರತದಲ್ಲಿ ಈ ಪದ ಕಾಲಿಟ್ಟದ್ದು ಕಂಪನಿ ಸರ್ಕಾರದ ಜೊತೆ. 1775ರಲ್ಲಿ ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಬೋರ್ಡ್ ಆಫ್ ಆರ್ಡ್‌ನೆನ್ಸ್ ಕೂತಿತು. 1801ರಲ್ಲಿ ಕಲ್ಕತ್ತದ ಹತ್ತಿರದ ಕಾಸಿಪುರದಲ್ಲಿ ತೋಪಿನ ಗಾಡಿ ಮಾಡುವ ಕಾರ್ಖಾನೆ ಬಂತು, 1802ರ ಮಾರ್ಚ್ 18ರಂದು ಕೆಲಸ ಶುರುವಾಯಿತು. ಆ ದಿನವನ್ನು ಇವತ್ತಿಗೂ ಆರ್ಡ್‌ನೆನ್ಸ್ ಕಾರ್ಖಾನೆಗಳ ದಿನ ಅಂತ ಆಚರಿಸುತ್ತಾರೆ.

ಈಗ ನಮ್ಮ ಸೇನೆಯಲ್ಲಿ ಈ ಪದವನ್ನು ಹೇಗೆ ಬಳಸುತ್ತಾರೆ ಅಂದರೆ, ಗೆರೆ ಕೊರೆದ ಹಾಗೆ ಸ್ಪಷ್ಟ. ಅಕ್ಕಿ, ಬೇಳೆ, ಹಾಲು, ಪೆಟ್ರೋಲು ತಂದು ಕೊಡುವುದು ಆರ್ಮಿ ಸರ್ವಿಸ್ ಕೋರ್, ಅಂದರೆ ಎಎಸ್‌ಸಿ. ಅವರ ಕೇಂದ್ರ ಬೆಂಗಳೂರಿನಲ್ಲೇ ಇದೆ, ಬೈಕ್ ಮೇಲೆ ಪಿರಮಿಡ್ ಕಟ್ಟುವ ಆ ಟೊರ್ನಾಡೋಸ್ ತಂಡ ಅವರದ್ದೇ. ಕೆಟ್ಟದ್ದನ್ನು ರಿಪೇರಿ ಮಾಡುವುದು ಇಎಂಇ, ಅಂದರೆ ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳ ಕೋರ್. ಇನ್ನುಳಿದದ್ದು, ಅಂದರೆ ಅಂಗಿ, ಚಡ್ಡಿ, ಕಾಲುಚೀಲ, ಬೂಟು, ಟೆಂಟು, ಕಂಬಳಿ, ರೈಫಲ್ಲು, ಟ್ಯಾಂಕಿನ ಬಿಡಿಭಾಗ, ಲಾರಿ ಟೈರು, ಗುಂಡು, ಶೆಲ್ಲು, ಇವೆಲ್ಲ ಆರ್ಮಿ ಆರ್ಡ್‌ನೆನ್ಸ್ ಕೋರ್‌ನದ್ದು, ಎಒಸಿ ಅಂತಾರೆ, ಕೇಂದ್ರ ಇರುವುದು ಸಿಕಂದರಾಬಾದಿನಲ್ಲಿ. ಬಾಯಿಗೂ ಎಂಜಿನ್ನಿಗೂ ಹಾಕುವುದು ಆರ್ಡ್‌ನೆನ್ಸ್ ಅಲ್ಲ, ಮೈಗೂ ಬಂದೂಕಿಗೂ ಹಾಕುವುದು ಆರ್ಡ್‌ನೆನ್ಸ್. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಉಗ್ರಾಣದ ಕೆಲಸ ಅಂತ ಹಗುರವಾಗಿ ನೋಡಬೇಡಿ ಮತ್ತೆ. 2016ರ ಮೇ ಕೊನೆಯಲ್ಲಿ ಮಹಾರಾಷ್ಟ್ರದ ಪುಲ್ಗಾಂವ್‌ನ ಮದ್ದುಗುಂಡಿನ ಡಿಪೋಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಉಗ್ರಾಣ ಕಾಯುತ್ತಿದ್ದ ಸೈನಿಕರೂ ಇದ್ದರು, ಬೆಂಕಿ ಆರಿಸಲು ಓಡಿದ ಅಗ್ನಿಶಾಮಕದವರೂ ಇದ್ದರು.

ಇದರ ನೆಂಟರ ಪದಗಳೂ ಹೀಗೇ ದಾರಿ ತಪ್ಪಿದವು. ಅಮ್ಯುನಿಷನ್ ಅಂದರೆ ಈಗ ಗುಂಡು ಮದ್ದು ಮಾತ್ರ. ಹಿಂದೆ ಸೇನೆ ಕೊಟ್ಟದ್ದೆಲ್ಲ ಅಮ್ಯುನಿಷನ್ನೇ, 'ಅಮ್ಯುನಿಷನ್ ಬ್ರೆಡ್' ಅಂತ ಇತ್ತು, ಮೊಳೆ ಹೊಡೆದ 'ಅಮ್ಯುನಿಷನ್ ಬೂಟು' ಬ್ರಿಟಿಷ್ ಸೈನಿಕರ ಕಾಲಲ್ಲಿ ಇಪ್ಪತ್ತನೇ ಶತಮಾನದ ನಡುವಿನವರೆಗೂ ಇತ್ತು. ಪದ ಬಂದದ್ದೇ ಕಿವಿಯ ತಪ್ಪಿನಿಂದ. ಫ್ರೆಂಚಿನ 'ಲಾ ಮ್ಯುನಿಷಿಯೋ'ವನ್ನು ಕೇಳಿದವರು 'ಲ ಅಮ್ಯುನಿಷಿಯೋ' ಅಂತ ಒಡೆದುಕೊಂಡರು. ಮ್ಯಾಗಝಿನ್ ಇನ್ನೂ ಮಜಾ: ಅರಬ್ಬಿಯ ಉಗ್ರಾಣ ಅನ್ನೋ ಪದ, ಅದು ಮದ್ದಿನ ಮನೆ ಆಯಿತು, ಬಂದೂಕಿನ ಗುಂಡಿನ ಡಬ್ಬಿ ಆಯಿತು, ಬರಹಗಳ ಉಗ್ರಾಣ ಅಂತ ವಾರಪತ್ರಿಕೆಯೂ ಆಯಿತು.

ಅಮೆರಿಕದವರ ಬಾಯಲ್ಲಿ ಆರ್ಡ್‌ನೆನ್ಸ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಕಾಲುಚೀಲದ ಮಾತೇ ಇಲ್ಲ. ವಿಮಾನವಾಹಕ ಹಡಗಿನ ಡೆಕ್ಕಿನ ಮೇಲೆ ಕೆಂಪು ಅಂಗಿ ಹಾಕಿಕೊಂಡು ಬಾಂಬು, ಕ್ಷಿಪಣಿಗಳನ್ನು ವಿಮಾನಕ್ಕೆ ಸಿಕ್ಕಿಸುವವರು ಆರ್ಡ್‌ನೆನ್ಸ್‌ನವರು. ಪೈಲಟ್ ಎಸೆದು ಬರುವುದು ಆರ್ಡ್‌ನೆನ್ಸ್. ನಾವು ದಿನಾ ಓದುವ ಇಂಗ್ಲಿಷ್ ಅಂತಾರಾಷ್ಟ್ರೀಯ ಸುದ್ದಿಯಲ್ಲಿ ಈ ಪದ ಬಂದರೆ ಹೆಚ್ಚಾಗಿ ಈ ಅರ್ಥವೇ. ನನಗೆ ಅನುಮಾನ ಅಂದೆನಲ್ಲ, ಅದು ಇಲ್ಲೇ. 'ಬಾಂಬು' ಅಂದರೆ ಕಣ್ಣಿಗೆ ಮನೆ ಕಾಣುತ್ತದೆ, ಜನ ಕಾಣುತ್ತಾರೆ. 'ಆರ್ಡ್‌ನೆನ್ಸ್' ಅಂದರೆ ಒಂದು ಫೈಲು ಕಾಣುತ್ತದೆ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿಯಿತು. ಅದರಲ್ಲಿ ಟೆನ್ನಿಸ್ ಚೆಂಡಿನಷ್ಟಿರುವ ಕ್ಲಸ್ಟರ್ ಮರಿಬಾಂಬುಗಳೇ ಸುಮಾರು 27 ಕೋಟಿ, ಅದರಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಭಾಗ ಸಿಡಿಯಲೇ ಇಲ್ಲ ಅಂತ ಅಂದಾಜು. ಗದ್ದೆ ಉಳುವಾಗ, ಮಕ್ಕಳು ಆಡುವಾಗ ಅವು ಇವತ್ತಿಗೂ ಸಿಡಿಯುತ್ತವೆ. ಇದಕ್ಕೆ ವರದಿಗಳಲ್ಲಿ ಇರುವ ಹೆಸರು 'ಅನ್‌ಎಕ್ಸ್‌ಪ್ಲೋಡೆಡ್ ಆರ್ಡ್‌ನೆನ್ಸ್', ಅದೂ ಉದ್ದ ಆಯಿತು ಅಂತ ಯುಎಕ್ಸ್‌ಒ. ಮಗುವಿನ ಕೈ ತೆಗೆದ ವಸ್ತುವಿಗೆ ಮೂರಕ್ಷರ. ಇಂಥ ಕಡೆ ಕನ್ನಡದಲ್ಲಿ 'ಸಿಡಿಯದೆ ಉಳಿದ ಬಾಂಬು' ಅಂತಲೇ ಬರೆಯಬೇಕು ಅನ್ನೋದು ನನ್ನ ಹಟ. 'ಸ್ಫೋಟಗೊಳ್ಳದ ಯುದ್ಧ ಸಾಮಗ್ರಿ' ಅಂತ ಬರೆದರೆ ನಾವೂ ಅದೇ ಹೊದಿಕೆ ಹೊದಿಸಿದ ಹಾಗೆ.

ಹಾಗಂತ ಎಲ್ಲ ಕಡೆ ಬಾಂಬು ಅನ್ನೋಕೂ ಆಗಲ್ಲ. ಆರ್ಡ್‌ನೆನ್ಸ್ ಕಾರ್ಖಾನೆಗೆ ನಮ್ಮ ಪತ್ರಿಕೆಗಳು ಶಸ್ತ್ರಾಸ್ತ್ರ ಕಾರ್ಖಾನೆ ಅಂತ ಬರೆಯುತ್ತವೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ ಸ್ಫೋಟ ಆಯಿತಲ್ಲ, ಅಂಥ ಕಡೆ ಅದು ಒಪ್ಪುತ್ತದೆ, ಅಲ್ಲಿ ಮಾಡುವುದೇ ಸಿಡಿಮದ್ದು. ಆದರೆ ಶಾಜಹಾನ್‌ಪುರದ ಕಾರ್ಖಾನೆಯಲ್ಲಿ 1914ರಿಂದ ಹೊಲಿಯುತ್ತಿರುವುದು ಬಟ್ಟೆ. ಕಾನ್ಪುರದ ಒಂದರಲ್ಲಿ ಪ್ಯಾರಾಚೂಟ್. ಅದನ್ನೂ ಶಸ್ತ್ರಾಸ್ತ್ರ ಅಂದರೆ ಹೊಲಿಗೆ ಯಂತ್ರವೇ ನಕ್ಕೀತು. ಹಿಂದಿಯಲ್ಲಿ ಸರ್ಕಾರಿ ಹೆಸರು 'ಆಯುಧ ನಿರ್ಮಾಣಿ'. ನನಗೆ ಇದು ಪರವಾಗಿಲ್ಲ ಅನಿಸುತ್ತದೆ, ಯಾಕಂದರೆ ನಮ್ಮ ಆಯುಧಪೂಜೆಯಲ್ಲೂ ಆಯುಧ ಅನ್ನೋ ಪದ ಹೀಗೇ ಹಿಗ್ಗಿದೆ: ಕತ್ತಿಗೆ ಶುರುವಾಗಿ ಮಚ್ಚು, ಲೇತ್ ಮಷೀನು, ಆಟೋ, ಕೆಎಸ್‌ಆರ್‌ಟಿಸಿ ಬಸ್ಸು, ಆಫೀಸಿನ ಕಂಪ್ಯೂಟರಿನವರೆಗೆ ಎಲ್ಲದಕ್ಕೂ ಕುಂಕುಮ ಬೀಳುತ್ತದೆ.

ಕಾಕತಾಳೀಯವೋ ಬೇಕಂತಲೋ, ಆ 41 ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದು ದೇಶಕ್ಕೆ ಅರ್ಪಿಸಿದ್ದು 2021ರ ವಿಜಯದಶಮಿಯ ದಿನ, ಅಕ್ಟೋಬರ್ 15ಕ್ಕೆ. ಮುಷ್ಕರದ ಮಾತು ಎದ್ದದ್ದೇ ಈ ಒಡೆಯುವ ವಿಚಾರಕ್ಕೆ. ಹೊಸ ಹೆಸರುಗಳನ್ನು ನೋಡಿ: ಮದ್ದುಗುಂಡಿನದ್ದು ಮ್ಯುನಿಷನ್ಸ್ ಇಂಡಿಯಾ, ಟ್ಯಾಂಕಿನದ್ದು ಆರ್ಮರ್ಡ್ ವೆಹಿಕಲ್ಸ್ ನಿಗಮ್, ಪ್ಯಾರಾಚೂಟಿನದ್ದು ಗ್ಲೈಡರ್ಸ್ ಇಂಡಿಯಾ, ಬಟ್ಟೆ ಬೂಟಿನದ್ದು ಟ್ರೂಪ್ ಕಂಫರ್ಟ್ಸ್. ಏಳರಲ್ಲಿ ಒಂದರಲ್ಲೂ ಆರ್ಡ್‌ನೆನ್ಸ್ ಇಲ್ಲ. ಸೇನೆಯ ಮುಖ್ಯ ಕಚೇರಿಯಲ್ಲಿದ್ದ ಮಾಸ್ಟರ್ ಜನರಲ್ ಆಫ್ ಆರ್ಡ್‌ನೆನ್ಸ್ ಹುದ್ದೆಯ ಹೆಸರೂ ಬದಲಾಗಿ ಮಾಸ್ಟರ್ ಜನರಲ್ ಸಸ್ಟೆನೆನ್ಸ್ ಆಗಿದೆ. ಕೋರ್‌ನ ಹೆಸರಿನಲ್ಲಿ ಮಾತ್ರ ಹಳೆ ಪದ ಗಟ್ಟಿಯಾಗಿ ಕೂತಿದೆ.

ಹೊದಿಕೆ ಹೊದಿಸುವುದು ಇಂಗ್ಲಿಷಿನವರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಮೈಸೂರಿನ ಒಡೆಯರ ಕಾಲದಲ್ಲಿ, ಚಿಕ್ಕದೇವರಾಜರು ಕಟ್ಟಿದ ದನಗಳ ಇಲಾಖೆಯ ಹೆಸರು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಕೊಡುವ ದನಗಳು ಸರಿ, ಆದರೆ ಅವುಗಳ ಹೋರಿ ಎತ್ತುಗಳು ಹೈದರನ ಕಾಲಕ್ಕೆ ತೋಪು ಎಳೆಯುತ್ತಿದ್ದವು, ದಂಡಿನ ಸಾಮಾನು ಹೊರುತ್ತಿದ್ದವು. ಟಿಪ್ಪು ಅದಕ್ಕೆ 'ಅಮೃತ ಮಹಲ್' ಅಂತ ಹೆಸರಿಟ್ಟ. ಬೆಣ್ಣೆ ಹೋಗಿ ಅಮೃತ ಬಂತು, ಎಳೆಯುವುದು ಅದೇ ತೋಪು. 1799ರ ನಂತರ ಕಂಪನಿಯವರು ಈ ಎತ್ತುಗಳ ವೇಗ ನೋಡಿ ತಮ್ಮ ದಂಡಿಗೆ ಇಟ್ಟುಕೊಂಡರು. ಆ ತಳಿ ಈಗಲೂ ಅಜ್ಜಂಪುರದ ಸಂವರ್ಧನಾ ಕೇಂದ್ರದಲ್ಲಿದೆ.

1799ರ ಅದೇ ಶ್ರೀರಂಗಪಟ್ಟಣದ ಯುದ್ಧದ ಲೂಟಿಯಲ್ಲಿ ಮೈಸೂರಿನ ರಾಕೆಟ್‌ಗಳೂ ಹೋದವು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ ಈ ಬಾಣಗಳನ್ನು (ನಮ್ಮ 'ಬಾಣಬಿರುಸು' ಅನ್ನೋ ಮಾತಿನ ಬಾಣ) ವುಲಿಚ್‌ನ ಶಸ್ತ್ರಾಗಾರಕ್ಕೆ ಕಳಿಸಿದರು. ಆ ಶಸ್ತ್ರಾಗಾರ ಯಾರದ್ದು? ಬೋರ್ಡ್ ಆಫ್ ಆರ್ಡ್‌ನೆನ್ಸ್‌ನದ್ದು. ಅಲ್ಲಿ ವಿಲಿಯಂ ಕಾಂಗ್ರೀವ್ ಅದನ್ನು ತಿದ್ದಿ ತೀಡಿ ತನ್ನ ಹೆಸರಿನ ರಾಕೆಟ್ ಮಾಡಿದ, 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಹಾರಿಸಿದರು.

ಇಲ್ಲಿ ಉಳಿದವುಗಳ ಕಥೆಯೂ ಇದೆ. ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಹತ್ತಿರ ಟಿಪ್ಪು ಕಾಲದ ಒಂದು ಮದ್ದಿನ ಮನೆ ಜೋಡಿ ಹಳಿಗೆ ಅಡ್ಡ ಬಂದಾಗ, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರ್‌ಗೂ ಆಚೆ ಸರಿಸಿದರು. ಮರುವರ್ಷ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆ ಬಿದನೂರಿನಲ್ಲಿ, ಪಾಳು ಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇಂಗ್ಲಿಷ್ ವರದಿಯ ಲೆಕ್ಕದಲ್ಲಿ ಇದೂ ಸಿಡಿಯದ ಆರ್ಡ್‌ನೆನ್ಸೇ. ನಮ್ಮವರು ಸೀದಾ 'ಟಿಪ್ಪು ಕಾಲದ ರಾಕೆಟ್' ಅಂದರು, ಶಿವಮೊಗ್ಗದ ಮ್ಯೂಸಿಯಂಗೆ ಸಾಗಿಸಿದರು.